ನಡುವಿನ ಹೊಲಿಗೆ

ನನ್ನ ದೊಡ್ಡಮ್ಮ ಎದುರಿಗೆ ಬಂದವರ ಮುಖವನ್ನು ಮೊದಲು ನೋಡುತ್ತಿರಲಿಲ್ಲ, ಮೊಣಕೈಯನ್ನು ನೋಡುತ್ತಿದ್ದರು. ಅಲ್ಲಿಂದ ಅವರ ದೃಷ್ಟಿ ಕಾಲರಿನ ಮಡಿಕೆಗೆ ಏರಿ, ಮೊಣಕಾಲಿಗೆ ಇಳಿದು, ಬಟ್ಟೆಯ ಆಯುಷ್ಯವನ್ನೆಲ್ಲ ಅಳೆದು ಮುಗಿಸಿದ ಮೇಲೆಯೇ ಮುಖದ ಕಡೆಗೆ ಹೊರಳುತ್ತಿತ್ತು. ಅಂಚೆಯವನ ಹೆಗಲು, ಗುಮಾಸ್ತನ ತೋಳಿನ ಅಂಚು, ಡ್ರೈವರನ ಬೆನ್ನು, ಹೀಗೆ ಯಾರ ಬದುಕು ಎಲ್ಲಿ ತಿಕ್ಕಾಡುತ್ತದೆಂಬುದು ಅವರಿಗೆ ಕರತಲಾಮಲಕ. ಒಮ್ಮೆ ನನ್ನ ಅಂಗಿಯನ್ನು ದಿಟ್ಟಿಸಿ, "ಬರೆಯೋನು ಅಂತ ಹೇಳ್ಕೊಂಡು ತಿರುಗ್ತೀಯ, ಮೊಣಕೈ ಇನ್ನೂ ಹೊಸದಾಗೇ ಇದೆಯಲ್ಲೋ, ನೋಡು ಬೇಕಾದ್ರೆ" ಎಂದುಬಿಟ್ಟರು. ನನ್ನ ಸೋಮಾರಿತನವನ್ನು ಇಷ್ಟು ಸುಲಭವಾಗಿ ಹಿಡಿದವರು ಇನ್ನೊಬ್ಬರಿಲ್ಲ.

"ನೋಡು ಬೇಕಾದ್ರೆ" ಎಂಬುದು ಅವರ ಮಾತಿಗೆಲ್ಲ ಹಾಕುವ ಕೊನೆಯ ಗಂಟು. ಮೂವತ್ತು ವರ್ಷ ಒಂದು ಲಾಡ್ಜಿನ ಬಟ್ಟೆಕೋಣೆಯಲ್ಲಿ ಹೊಲಿಗೆ ಕೆಲಸ ಮಾಡಿದ್ದರು. ಗಂಟುಮೂಟೆ ಹೊತ್ತು ಹೊತ್ತು ಎಡ ಹೆಗಲು ಇಳಿದು, ನಡೆಯುವಾಗ ಯಾರದೋ ಗುಟ್ಟು ಕೇಳಲು ವಾಲಿದವರಂತೆ ಕಾಣುತ್ತಿದ್ದರು. ಹೊಲಿಯಲು ಕೂತಾಗ ಮಾತ್ರ ದೊಡ್ಡಪ್ಪನ ಹಳೆಯ ಕೋಟು ಮೈಮೇಲೆ. ಅದರ ತೋಳುಗಳು ಎಂದೋ ಯಾವುದೋ ಕೌದಿಯನ್ನು ಸೇರಿದ್ದವು, ಎದೆಯಂಚಿನ ತುಂಬ ಗುಂಡುಪಿನ್ನುಗಳು. ಬೀದಿಯವರು ಬೆನ್ನ ಹಿಂದೆ ಚಿಂದಿಯಮ್ಮ ಎನ್ನುತ್ತಿದ್ದರು, ಹರಿದ ಬಟ್ಟೆ ಕೊಡುವಾಗ ಎದುರಿಗೂ ಎನ್ನುತ್ತಿದ್ದರು. ದೊಡ್ಡಮ್ಮನಿಗೆ ಅದರಿಂದ ಬೇಸರವೇನೂ ಇರಲಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾನು ಕಾಲು ಇದ್ದಷ್ಟು ಹಾಸಿಗೆ ಹೊಲಿದುಕೊಡ್ತೀನಿ" ಎಂದು ನಗುತ್ತಿದ್ದರು.

ಗಣಿತದ ಮೇಷ್ಟರಾಗಿ ನಿವೃತ್ತರಾದ ದೊಡ್ಡಪ್ಪ, "ಈ ಮನೇಲಿ ಇವಳ ಕತ್ತರಿಗೆ ಸಿಕ್ಕದೆ ಇಡಿಯಾಗಿ ಉಳಿದಿರೋನು ನಾನೊಬ್ಬನೇ" ಎಂದು ಬಂದವರೆದುರು ದೂರುತ್ತಿದ್ದರು. ದೂರಿನಲ್ಲಿ ಹೆಮ್ಮೆಯೇ ಹೆಚ್ಚು.

ಹಳೆಯ ಬಟ್ಟೆ ಕೈಗೆ ಬಂದರೆ ಮೊದಲು ಒಗೆತ, ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಎರಡು ಹೆಬ್ಬೆರಳುಗಳ ನಡುವೆ ಜಗ್ಗಿ ನೋಡುವ ಪರೀಕ್ಷೆ. ಪರದೆಯನ್ನು ಬಿಸಿಲು ಮಡಿಕೆಯಲ್ಲಿ ತಿನ್ನುತ್ತದೆ, ದಿಂಬಿನ ಚೀಲ ತಲೆಯಿಡುವ ಕಡೆ ತೆಳುವಾಗುತ್ತದೆ, ಬೆಡ್‌ಶೀಟು ಮೈ ಒರಗುವ ನಡುವಿನಲ್ಲೇ ಸವೆಯುತ್ತದೆ, ಅಂಚುಗಳು ಮಾತ್ರ ಮೊನ್ನೆ ನೇಯ್ದಂತೆ ಉಳಿದಿರುತ್ತವೆ. ಅಂಥ ಬೆಡ್‌ಶೀಟನ್ನು ದೊಡ್ಡಮ್ಮ ಉದ್ದಕ್ಕೆ ನಡುವೆಯೇ ಸೀಳಿ, ಗಟ್ಟಿಯಾದ ಎರಡು ಅಂಚುಗಳನ್ನು ಒಳಕ್ಕೆ ತಂದು ಜೋಡಿಸಿ, ಸವೆದ ಭಾಗವನ್ನು ಹೊರಗಿನ ಅಂಚಾಗಿ ಮಡಚಿ ಹೊಲಿಯುತ್ತಿದ್ದರು. ಇದಕ್ಕೆ ಅವರಿಟ್ಟ ಹೆಸರು ‘ಮಗ್ಗುಲು ಬದಲಾಯಿಸೋದು’. ಲಾಡ್ಜಿನಲ್ಲಿ ಹೀಗೆ ಸಾವಿರಾರು ಬೆಡ್‌ಶೀಟುಗಳ ಮಗ್ಗುಲು ಬದಲಾದವು. ಮನೆಯಲ್ಲಂತೂ ಅವರ ಕೈಗೆ ಬಂದ ಯಾವ ಬೆಡ್‌ಶೀಟೂ ಸವೆಯುವ ತನಕ ಕಾಯಬೇಕಾಗಿರಲಿಲ್ಲ. ತೆಳುವಾಗುವ ಸೂಚನೆ ಕಂಡರೆ ಸಾಕು, ಕತ್ತರಿ ಏಳುತ್ತಿತ್ತು.

ದೊಡ್ಡಪ್ಪನಿಗೆ ಪಾರ್ಶ್ವವಾಯು ಬಡಿದು ಬಲಭಾಗವೂ ಮಾತೂ ಒಂದೇ ಬೆಳಿಗ್ಗೆ ಹೋದವು. ದೊಡ್ಡಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವರನ್ನು ನೋಡಿಕೊಂಡರು. ಹೊರಳಿಸಿ ದಿಂಬು ಒತ್ತುಕೊಟ್ಟರೂ ಆ ಭಾರವಾದ ದೇಹ ಮತ್ತೆ ಅಂಗಾತಕ್ಕೇ ಜಾರುತ್ತಿತ್ತು. ಮೂರನೆಯ ವಾರದಿಂದ ದೊಡ್ಡಪ್ಪ ಎಡಗೈಯ ಬೆರಳುಗಳಿಂದ ಬೆಡ್‌ಶೀಟನ್ನು ಕೆರೆಯತೊಡಗಿದರು. ದೊಡ್ಡಮ್ಮ ಬಾಯಾರಿಕೆಯೇನೋ ಎಂದು ನೀರು ಕುಡಿಸಿದರು, ಚಳಿಯೇನೋ ಎಂದು ಹೊದೆಸಿದರು. ಕೊನೆಗೆ ಬೆಡ್‌ಶೀಟು ಸುಕ್ಕಾಗಿ ಕಾಡುತ್ತಿದೆಯೆಂದು ತೀರ್ಮಾನಿಸಿ, ನಾಲ್ಕೂ ಮೂಲೆಗಳನ್ನು ಬಿಗಿಯಾಗಿ ಎಳೆದು ಹಾಸಿಗೆಯ ಕೆಳಗೆ ಸಿಕ್ಕಿಸಿದರು. ಮರುದಿನ ಕೆರೆತ ಹೆಚ್ಚಾಯಿತು. ಇನ್ನಷ್ಟು ಬಿಗಿದರು.

ತಪಾಸಣೆಗೆ ಬಂದ ನರ್ಸು ದೊಡ್ಡಪ್ಪನ ಅಂಗಿ ಎತ್ತಿದಾಗ ನಾನೂ ಅಲ್ಲಿದ್ದೆ. ಬೆನ್ನಿನ ಉದ್ದಕ್ಕೂ, ಸ್ಕೇಲಿಟ್ಟು ಎಳೆದಂತೆ, ಒಂದು ಕೆಂಪು ಗೆರೆ. ಎರಡು ಕಡೆ ಚರ್ಮ ಕಿತ್ತು ಹೋಗಿತ್ತು.

"ಅಮ್ಮಾ, ಇದೇನಿದು ಬೆಡ್‌ಶೀಟಿನ ನಡುವೆ ಹೊಲಿಗೆ? ಇದರ ಮೇಲೆ ಮಲಗಿಸಿದ್ರಾ ಇವರನ್ನ?" ಎಂದಳು ನರ್ಸು. ಬೈಗುಳವಲ್ಲ, ಬರಿಯ ಪ್ರಶ್ನೆ.

ದೊಡ್ಡಮ್ಮ ಹೆಬ್ಬೆರಳಿನಿಂದ ಆ ಹೊಲಿಗೆಯನ್ನು ಒಂದು ಸಲ ಸವರಿದರು. ಊರಿನವರ ಮೊಣಕೈ, ಮೊಣಕಾಲುಗಳನ್ನೆಲ್ಲ ಓದಿದ್ದ ಹೆಂಗಸಿಗೆ ಕಟ್ಟಿಕೊಂಡ ಗಂಡನ ಬೆನ್ನು ಓದಲು ಬಂದಿರಲಿಲ್ಲ. "ಲಾಡ್ಜಲ್ಲಿ ಯಾರೂ ಒಂದು ಮಾತು ಅಂದಿರಲಿಲ್ಲ ಕಣೋ" ಎಂದರು ನನ್ನ ಕಡೆ ತಿರುಗಿ. "ಅವರೆಲ್ಲ ಮಗ್ಗುಲು ಬದಲಾಯಿಸೋರು. ಅಂಥೋರಿಗೆ ಹೊಲಿದೂ ಹೊಲಿದೂ, ಬದಲಾಯಿಸೋಕೆ ಆಗದೋರು ಇರ್ತಾರೆ ಅನ್ನೋದೇ ನನಗೆ ಹೊಳೀಲಿಲ್ಲ."

ಹೊಲಿಗೆಯಿಲ್ಲದ ಬೆಡ್‌ಶೀಟು ತಕ್ಷಣ ಬೇಕಾಗಿತ್ತು. ಮೂರು ಟ್ರಂಕು, ಒಂದು ಬೀರು, ಮಂಚದ ಕೆಳಗಿನ ಗಂಟುಗಳು ಎಲ್ಲವನ್ನೂ ನೆಲಕ್ಕೆ ಸುರಿದರು. ಬಟ್ಟೆ ಮೊಣಕಾಲೆತ್ತರ ಬಿದ್ದಿತ್ತು, ಅದರಲ್ಲಿ ನಡುವೆ ಗೆರೆಯಿಲ್ಲದ್ದು ಒಂದೂ ಇರಲಿಲ್ಲ. ಯಾರ ಮನೆಯ ಬಾಗಿಲಲ್ಲೂ ಕೈಯೊಡ್ಡದ ನನ್ನ ದೊಡ್ಡಮ್ಮ ಆ ರಾಶಿಯ ನಡುವೆ ನಿಂತು, "ನಿಮ್ಮನೇಲಿ ಇಡೀದು ಒಂದು ಇದ್ರೆ ಕೊಡ್ತೀಯಾ?" ಎಂದು ಕೇಳಿದರು. ಓಡಿಹೋಗಿ ತಂದೆ.

ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಮಾಯಿತು, ಅದೊಂದು ಪುಣ್ಯ. ದೊಡ್ಡಪ್ಪ ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು, ಬೆನ್ನು ಶುದ್ಧವಾಗಿತ್ತು. ಇನ್ನು ಈಕೆ ಸೂಜಿ ಮುಟ್ಟಲಾರರೆಂದು ನಾವೆಲ್ಲ ಅಂದುಕೊಂಡೆವು.

ಆ ಬೇಸಗೆಯ ಒಂದು ಮಧ್ಯಾಹ್ನ ಹೋದಾಗ ದೊಡ್ಡಮ್ಮ ನೆಲದ ಮೇಲೆ ಹಾಸಿದ ಹೊಸ ಕೌದಿಯ ಮೇಲೆ ನೆಟ್ಟಗೆ, ಅಂಗಾತ, ಕೈಗಳನ್ನು ಪಕ್ಕಕ್ಕಿಟ್ಟು ಮಲಗಿದ್ದರು.

"ದೊಡ್ಡಮ್ಮಾ!"

"ಬದುಕಿದೀನಿ ಕಣೋ, ಕೂಗಬೇಡ. ಅಲ್ಲಾಡಬಾರದು ಅಂತ ಮಲಗಿದೀನಿ. ಇನ್ನೂ ಹತ್ತು ನಿಮಿಷ ಇದೆ, ಕೂತ್ಕೋ."

ಹಿಂದಿನ ಬೀದಿಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಮುದುಕಿಯೊಬ್ಬರಿಗೆ ಹೊಲಿದ ಕೌದಿ ಅದು. ಹಳೆಯ ಅಂಗಿಗಳ ಬೆನ್ನುಭಾಗ ಬಿಡಿಸಿದ ಮೆತ್ತನೆಯ ತುಂಡುಗಳು ಸುತ್ತ ಇದ್ದವು. ಮೈ ಒರಗುವ ಜಾಗದಲ್ಲಿ ಒಂದೇ ಅಖಂಡ ಬಟ್ಟೆ, ಜೋಡಣೆಗಳೆಲ್ಲ ಭುಜದಿಂದ ಗೇಣಾಚೆ. ಯಾರಿಗೆ ಹೊಲಿದರೂ ಒಪ್ಪಿಸುವ ಮೊದಲು ಅದರ ಮೇಲೆ ಒಂದು ಗಂಟೆ ತಾವೇ ಮಿಸುಕದೆ ಮಲಗುತ್ತಿದ್ದರಂತೆ. ಆ ವಯಸ್ಸಿನ ಮೂಳೆಗಳಿಗೆ ಅದು ಸಣ್ಣ ಶಿಕ್ಷೆಯಲ್ಲ.

"ಬೆರಳಲ್ಲಿ ಸವರಿ ನೋಡಿದ್ರೆ ಸಾಲದಾ?" ಎಂದೆ.

"ಹೊಲಿದೋರ ಬೆರಳು ಸುಳ್ಳು ಹೇಳುತ್ತೆ, ಮಗಾ" ಎಂದರು, ಕಣ್ಣು ತೆರೆಯದೆ.

ಹಳೆಯದನ್ನು ಬಿಡದೆ ಕಾಪಿಡುವವರನ್ನು ಲೋಕ ಜಿಪುಣರೆಂದು ಕರೆದು ನಕ್ಕು ಸುಮ್ಮನಾಗುತ್ತದೆ, ನಾನೂ ನಕ್ಕವನೇ. ಉದಾರಿಗಳಾದ ನಾವು ಮಾಡಿದ ತಪ್ಪನ್ನು ನಾಲ್ಕು ದಿನ ಅತ್ತು, ಐದನೆಯ ದಿನ ವಿಧಿಯ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುತ್ತೇವೆ. ಆದರೆ ಚಿಂದಿಯನ್ನೂ ಎಸೆಯಲು ಕಲಿಯದ ಈ ಜಾತಿಯ ಜನಕ್ಕೆ ತಪ್ಪನ್ನು ಎಸೆಯುವ ವಿದ್ಯೆಯೂ ತಿಳಿದಿರುವುದಿಲ್ಲ; ಇನ್ನೊಬ್ಬರ ಬೆನ್ನಿಗೆ ಅದು ಉಪಯೋಗಕ್ಕೆ ಬರುವ ತನಕ ಅದರ ಮೇಲೆಯೇ ಮಲಗಿರುತ್ತಾರೆ.