ಚಮಚದಷ್ಟು ಸರೋವರ

ನಕ್ಷೆ ಕಚೇರಿಯಲ್ಲಿ ನೀರಿಗೆ ನೀಲಿ ಬಣ್ಣ ತುಂಬೋದು ನನ್ನ ಕೆಲಸ. ಕೊಳ ಎಲ್ಲಿಗೆ ಮುಗಿಯುತ್ತೆ, ಸರೋವರ ಎಲ್ಲಿಂದ ಶುರು, ಸಮುದ್ರ ಎಷ್ಟು, ಮಹಾಸಾಗರ ಎಷ್ಟು ಅನ್ನೋದನ್ನೆಲ್ಲ ನನ್ನ ಬಾಯಲ್ಲೇ ಕೇಳಬೇಕು. ಯಾರೂ ಕೇಳೋದಿಲ್ಲ, ಅದು ಬೇರೆ ಮಾತು.

ಅವತ್ತು ನಾನು ಪ್ರೀತಿಸಿದ ಹುಡುಗಿಯ ಮನೆಗೆ ಮದುವೆ ಮಾತಾಡಲು ಹೋಗಿದ್ದೆ. ಅವಳು ಆಗಲೇ ಒಪ್ಪಿದ್ದಳು. ಅವಳ ಅಪ್ಪ ಹೂಂ ಅಂದರೆ ಮದುವೆ, ಉಹುಂ ಅಂದರೆ ಅಲ್ಲಿಗೆ ಮುಗೀತು. ದೋಣಿ ನಡೆಸುವ ಮನುಷ್ಯ. ಚಹಾ ಕೊಟ್ಟು ಕಿಟಕಿ ತೆರೆದರು.

"ನೋಡಿ, ನಮ್ಮ ಸರೋವರ. ಅಜ್ಜನ ಕಾಲದಿಂದ ನಮಗೆ ಅನ್ನ ಹಾಕ್ತಿದೆ."

ಚೆನ್ನಾಗಿದೆ ಅಂದು ಚಹಾ ಕುಡಿಯಬಹುದಿತ್ತು. ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ!

"ನಮ್ಮ ಕಚೇರಿ ಲೆಕ್ಕದಲ್ಲಿ ಇದು ಬರೀ ಕೊಳ," ಅಂದುಬಿಟ್ಟೆ. ಸಾಲದ್ದಕ್ಕೆ ಮೇಜಿನ ಮೇಲೆ ಪಾಠ ಬೇರೆ ಶುರುಮಾಡಿದೆ. "ಈ ಚಮಚ ಕೊಳ ಅಂತಿಟ್ಕೊಳ್ಳಿ. ಈ ತಟ್ಟೆ ಸರೋವರ. ಮೇಜು ಸಮುದ್ರ. ಮಹಾಸಾಗರ ಅಂದ್ರೆ ಈ ಇಡೀ ಕೋಣೆ."

ಬಾಗಿಲ ಬಳಿ ಹುಡುಗಿ ಹಣೆ ಚಚ್ಚಿಕೊಂಡಳು. ನಾನು ಅದನ್ನು ಮೆಚ್ಚುಗೆ ಅಂದುಕೊಂಡೆ.

"ಅಂದ್ರೆ ನಾವು ಮೂರು ತಲೆಮಾರು ಚಮಚದಲ್ಲಿ ದೋಣಿ ಬಿಟ್ವಿ," ಅಂತ ಅವರು ಎದ್ದರು. "ನಿಮ್ಮ ಬಸ್ಸು ಆಚೆ ದಡದಲ್ಲಿ ಬರುತ್ತೆ. ಮಗಳು ದಾಟಿಸ್ತಾಳೆ. ಇನ್ನೊಂದ್ಸಲ ಬರೋ ತೊಂದರೆ ಬೇಡ."

ನನ್ನನ್ನು ದೋಣಿ ಹತ್ತಿಸಿ ಅವಳು ಹುಟ್ಟು ಹಾಕತೊಡಗಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ಎದ್ದಿತು. ದೋಣಿ ಒಂದು ಕಡೆ ವಾಲಿತು, ನನ್ನ ಜೀವ ಬಾಯಿಗೆ ಬಂತು. ವರ್ಷಗಟ್ಟಲೆ ನಕ್ಷೆಯಲ್ಲಿ ನೀರು ಬಿಡಿಸಿದವನಿಗೆ ಈಜಲು ಬರುತ್ತಿರಲಿಲ್ಲ. ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತೆ.

ಅವಳು ಹುಟ್ಟು ಹಾಕುವುದನ್ನು ನಿಲ್ಲಿಸಿದಳು. ಕಣ್ಣು ಕೆಂಪಗಿತ್ತು. "ಈಗ ಹೇಳು, ಇದೇನು?"

"ಮಹಾಸಾಗರ ಕಣೇ! ನಿನ್ನ ಕಾಲಿಗೆ ಬೀಳ್ತೀನಿ, ದಡ ಸೇರಿಸು!"

ನನ್ನ ಕೂಗು ದಡದವರೆಗೂ ಹೋಗಿರಬೇಕು. ದೋಣಿಯವರೆಗೆ ಕಳಿಸಲು ಬಂದಿದ್ದ ಅವಳಪ್ಪ ಇನ್ನೂ ಅಲ್ಲೇ ನಿಂತಿದ್ದರು.

"ಏನಂದ್ರಿ?" ಅಂತ ಅಲ್ಲಿಂದಲೇ ಕೇಳಿದರು.

ಮಾನ ಮರ್ಯಾದೆ ಎಲ್ಲ ನೀರುಪಾಲಾಗಿತ್ತು. ಗಂಟಲು ಹರಿಯುವಂತೆ ಕೂಗಿದೆ: "ಮಹಾಸಾಗರ, ಮಾವಾ! ನನಗೆ ಭಯ ಆಗ್ತಿದೆ, ಮಾವಾ!"

ಮಾವ ಅಂದದ್ದು ಅಂದ ಮೇಲೆ ಗೊತ್ತಾಯಿತು. ಅವಳು ನಗು ತಡೆಯಲು ಬಾಯಿ ಮುಚ್ಚಿಕೊಂಡಳು. ದಡದಿಂದ ಅವರು ಮಗಳಿಗೆ ಕೈ ಬೀಸಿದರು.

"ಅಳಿಯನ್ನ ವಾಪಸ್ ಕರ್ಕೊಂಡು ಬಾರೇ," ಅಂದರು. "ಊಟ ಮಾಡ್ಕೊಂಡು ಹೋಗ್ಲಿ."