ಡಿ ಸಾಲಿನ ಹದಿನಾಲ್ಕನೆಯ ಕುರ್ಚಿ

ಇಂಗ್ಲೆಂಡಿನ ಹಲ್ ನಗರದ ಸಾರ್ವಜನಿಕ ಜೀವನದ ಅತ್ಯಂತ ಗಹನವಾದ ಪ್ರಶ್ನೆ ಪ್ರತಿ ಡಿಸೆಂಬರಿನಲ್ಲಿ ಇತ್ಯರ್ಥವಾಗುತ್ತಿತ್ತು: ಕ್ರಿಸ್‌ಮಸ್ಸಿನ ಮರುದಿನ ಹೆರಾನ್ ಥಿಯೇಟರಿನಲ್ಲಿ ನಡೆಯುವ ಮಕ್ಕಳ ನಗೆನಾಟಕದ ಮಧ್ಯಾಹ್ನದ ಆಟಕ್ಕೆ ಡಿ ಸಾಲಿನ ಹದಿನಾಲ್ಕನೆಯ ಕುರ್ಚಿಯಲ್ಲಿ ಯಾರು ಕೂರಬೇಕು? ನಗರಸಭೆಯ ಚುನಾವಣೆ ಇದರ ಮುಂದೆ ಮಕ್ಕಳಾಟ.

ಆ ಥಿಯೇಟರಿನಲ್ಲಿ ಗುಡುಗು ಬೇಕಾದಾಗ ಪ್ರೇಕ್ಷಕರ ತಲೆಯ ಮೇಲೆ, ಚಾವಣಿಯ ಒಳಗಡೆ ಇರುವ, ಉದ್ದನೆಯ ಕಾಲುವೆಯಂಥ ಮರದ ದೋಣಿಯಲ್ಲಿ ಕಬ್ಬಿಣದ ಗುಂಡುಗಳನ್ನು ಉರುಳಿಸುತ್ತಿದ್ದರು. ಎರಡು ಶತಮಾನದ ಪದ್ಧತಿ. ಅದನ್ನು ಕೇಳಲೆಂದೇ ಪರವೂರಿನವರು ರೈಲು ಹತ್ತಿ ಬರುತ್ತಿದ್ದರು. ಗುಂಡು ಉರುಳಿದಾಗಲೆಲ್ಲ ಚಿನ್ನದ ಬಣ್ಣದ ಚಾವಣಿಯಿಂದ ಚಿಟಿಕೆ ಬಿಳಿಪುಡಿ ಉದುರಿ ನೇರ ಆ ಕುರ್ಚಿಗೆ ಬೀಳುತ್ತಿತ್ತು. ಅದು ಯಾರ ಹೆಗಲಿಗೆ ಬಿತ್ತೋ ಅವರಿಗೆ ವರ್ಷವಿಡೀ ಅದೃಷ್ಟ. ಉದುರುವ ಚಾವಣಿಯನ್ನೇ ಶುಭಶಕುನ ಮಾಡಿಕೊಂಡ ಊರಿನಲ್ಲಿ ರಿಪೇರಿಯ ಮಾತು ಎತ್ತುವುದು ಅಪಶಕುನವಾಗದೆ ಇನ್ನೇನಾದೀತು.

ಆ ವರ್ಷ ಕುರ್ಚಿ ಮೇವಿಸ್‌ಳ ಪಾಲಿಗೆ ಬಂತು. ಕೊಡಿಸಿದವಳು ಅವಳ ಅಕ್ಕ ಈನಿಡ್. ಟಾರ್ಚು ಹಿಡಿದು ಜನರನ್ನು ಕುರ್ಚಿಗೆ ಮುಟ್ಟಿಸುವ ಕೆಲಸದಲ್ಲಿ ಆ ಥಿಯೇಟರಿನಲ್ಲೇ ತಲೆ ನರೆತವಳು. ಮೇವಿಸ್‌ಳ ಗಂಡ ಕಾಲು ಮುರಿದುಕೊಂಡಿದ್ದ, ಮನೆಯ ಹೊಗೆಗೂಡಿಗೆ ಎರಡು ಸಲ ಬೆಂಕಿ ಬಿದ್ದಿತ್ತು. ಅದೃಷ್ಟದ ಜರೂರು ಇವಳಿಗಿಂತ ಯಾರಿಗಿದೆ ಎಂದು ಈನಿಡ್ ಮ್ಯಾನೇಜರ್ ಬ್ಲೆಂಕಿನ್ನನ ಎದುರು ವಾದಿಸಿ ಗೆದ್ದಿದ್ದಳು. ಸೋತವನು ಸ್ಟಾಟ್ ಎಂಬ ಮುದುಕ, ಒಂದು ಕಾಲದ ಮೀನಿನ ಸಗಟು ವ್ಯಾಪಾರಿ. ಗಾಳಿ ಬೀಸಿದರೆ ನನಗೂ ಒಂದು ಚೂರು ಸಿಕ್ಕೀತು ಎನ್ನುತ್ತ ಪಕ್ಕದ ಹದಿನೈದನೆಯದಕ್ಕೆ ಟಿಕೆಟ್ಟು ಕೊಂಡಿದ್ದ.

ಆಟದ ದಿನ ಬೆಳಿಗ್ಗೆ ಗುಡಿಸಲು ಹೋದ ಈನಿಡ್‌ಗೆ ಆ ಕುರ್ಚಿಯ ಮೇಲೆ ಸಿಕ್ಕಿದ್ದು ಪುಡಿಯಲ್ಲ, ಅಂಗೈಯಗಲದ ಗಾರೆಯ ಹಕ್ಕಳೆ. ಅದರ ಅಂಚಿನಿಂದ ಕಂದು ಕೂದಲು ಜೋತುಬಿದ್ದಿತ್ತು. ಕತ್ತೆತ್ತಿ ನೋಡಿದಳು. ಚಾವಣಿಯಲ್ಲಿ ಬಿಡಿಸಿದ ರೆಕ್ಕೆಯ ಮಗುವಿನ ಹೊಟ್ಟೆ ನಿನ್ನೆಗಿಂತ ಉಬ್ಬಿದಂತಿತ್ತು.

ಬ್ಲೆಂಕಿನ್ ಗಾಬರಿಗೊಳ್ಳಲಿಲ್ಲ. ಹಿಂದಿನವರು ಗಾರೆಗೆ ಹಸುವಿನ ಕೂದಲು ಕಲಸುತ್ತಿದ್ದರು, ಈ ಸಲ ಅದೃಷ್ಟ ಸಗಟಿನಲ್ಲಿ ಇಳಿಯುತ್ತಿದೆ ಅಷ್ಟೆ ಎಂದು ನಕ್ಕ. ಆದರೆ ಹಕ್ಕಳೆಯನ್ನು ಮೇಜಿನ ಮೇಲಿಡದೆ ಕೋಟಿನ ಜೇಬಿಗೆ ಸೇರಿಸಿದ.

"ಇವತ್ತೊಂದಿನ ಗುಂಡು ಬೇಡ ಸಾರ್," ಎಂದಳು ಈನಿಡ್.

"ಗುಡುಗಿಲ್ಲ ಅಂದ್ರೆ ಜನ ನನ್ನನ್ನೇ ಆ ದೋಣೀಲಿ ಉರುಳಿಸ್ತಾರೆ ಕಣಮ್ಮ. ಹಬ್ಬ ಕಳೀಲಿ. ಅಲ್ಲೀವರೆಗೂ ತುಟಿ ಬಿಚ್ಚಬೇಡ."

ಪುಡಿ ಎದ್ದು ಕಾಣಲೆಂದು ಮೇವಿಸ್ ಕಪ್ಪು ಕೋಟು ಹಾಕಿಕೊಂಡು ಬಂದಿದ್ದಳು. ಬಾಗಿಲಲ್ಲೇ ತಡೆದು, ಬೇರೆ ಕಡೆ ಕೂರು ಎಂದು ಈನಿಡ್ ಬೇಡಿಕೊಂಡಳು. ಯಾಕೆಂದು ಮಾತ್ರ ಹೇಳಲಿಲ್ಲ; ಹೇಳಿದ್ದರೆ ಕೆಲಸ ಹೋಗುತ್ತಿತ್ತು.

"ಬಾಯಿಗಿಟ್ಟ ಮಿಠಾಯಿ ಕಿತ್ಕೊಳ್ಳೋ ಬುದ್ಧಿ ನಿಂಗೆ ಇನ್ನೂ ಹೋಗಿಲ್ವಲ್ಲಕ್ಕಾ," ಎಂದು ಮೇವಿಸ್ ಹೋಗಿ ಕೂತಳು.

ಟಾರ್ಚಿನ ಹೆಂಗಸರಿಗೆ ಹೆರಾನ್‌ನಲ್ಲಿ ಒಂದೇ ಕಟ್ಟಪ್ಪಣೆ: ಆಟ ನಡೆಯುವಾಗ ಕುರ್ಚಿಗಳ ನಡುವಿನ ದಾರಿಗೆ ಇಳಿಯಬೇಕಾದರೆ ಜನ ನಗುವವರೆಗೆ ಕಾಯಬೇಕು. ನಗೆಯಲ್ಲಿ ಹೆಜ್ಜೆಯ ಸದ್ದು ಮುಳುಗುತ್ತದೆ. ಈನಿಡ್‌ಳ ಕಾಲುಗಳು ಆ ನಿಯಮವನ್ನು ಅವಳಿಗಿಂತ ಚೆನ್ನಾಗಿ ಕಲಿತಿದ್ದವು. ಲಂಗ ತೊಟ್ಟ ದಢೂತಿ ನಟ ಹಿಟ್ಟಿನ ಬಾನಿಯೊಳಗೆ ಬಿದ್ದ. ಥಿಯೇಟರು ಹೋ ಎಂದಿತು. ಈನಿಡ್ ಸರಸರನೆ ಇಳಿದು, ಹೊಗೆಗೂಡಿಗೆ ಮತ್ತೆ ಬೆಂಕಿ ಬಿದ್ದಿದೆಯಂತೆ, ಗಂಡ ಒಬ್ಬನೇ ಇದ್ದಾನೆ ಎಂದು ತಂಗಿಯ ಕಿವಿಯಲ್ಲಿ ಸುಳ್ಳು ಊದಿದಳು. ಮೇವಿಸ್ ಶಪಿಸುತ್ತ ಎದ್ದು ಓಡಿದಳು.

ಈನಿಡ್ ಬಾಗಿಲಿಗೆ ಮರಳಿ ಉಸಿರು ಬಿಟ್ಟಳು. ತಿರುಗಿ ನೋಡಿದರೆ ಹದಿನಾಲ್ಕು ಖಾಲಿ ಇರಲಿಲ್ಲ. ಸ್ಟಾಟ್ ಅಲ್ಲಿಗೆ ಸರಿದು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮದುವಣಿಗನ ಹಾಗೆ ನೆಟ್ಟಗೆ ಕೂತಿದ್ದ.

ಅವನನ್ನೂ ಎಬ್ಬಿಸಬೇಕು. ಇನ್ನೊಂದು ನಗು ಬೇಕು. ಆದರೆ ರಂಗದ ಮೇಲೆ ದೀಪಗಳು ನೀಲಿಯಾದವು. ರಾಕ್ಷಸ ಬರುವ ಹೊತ್ತು. ಮಕ್ಕಳು ಅಮ್ಮಂದಿರ ತೋಳು ಹಿಡಿದುಕೊಂಡರು. ಕೆಮ್ಮು ಕೂಡ ಕೇಳಲಿಲ್ಲ. ಈನಿಡ್ ಒಂದು ಕಾಲು ಮುಂದಿಟ್ಟು ನಿಂತಳು.

ಮೇಲೆ ಮೊದಲ ಗುಂಡು ಹೊರಟಿತು. ಸ್ಟಾಟ್ ಮುಖ ಮೇಲೆತ್ತಿ, ಪುಡಿ ಒಳಗೂ ಬೀಳಲೆಂದು ಕೊರಳಪಟ್ಟಿ ಸಡಿಲಿಸಿಕೊಂಡ. ಎರಡನೆಯದು ಹೊರಟಿತು. ಈನಿಡ್ ನಗುವಿಗಾಗಿ ಕಾಯುತ್ತಲೇ ಇದ್ದಳು. ರೆಕ್ಕೆಯ ಮಗುವಿನ ಹೊಟ್ಟೆಗೆ ಅಡ್ಡಲಾಗಿ ಒಂದು ಗೆರೆ ಮೂಡಿತು.

ಸ್ಟಾಟ್ ಹೊಸ ವರ್ಷದ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ.