ಇಲೋಮಿ ಎಂದರೆ

ಗಾಜಿನ ಕೆಳಗೆ ಬಿಟ್ಟಿರುವುದೇ ಅಷ್ಟು ಸಂದು, ಒಂದು ಕಾಗದ ನುಸುಳುವಷ್ಟು, ಒತ್ತಿದರೆ ಬೆರಳೂ ನುಸುಳುವಷ್ಟು, ಕಿಟಕಿಯ ಹತ್ತಿರ ನಿಂತ ಗಂಡಸು ಅರ್ಜಿ ತಳ್ಳುತ್ತ ತಳ್ಳುತ್ತ ಕೈಯನ್ನು ಗೆಣ್ಣಿನವರೆಗೂ ತೂರಿಸಿಬಿಟ್ಟಿದ್ದಾನೆ, ಆಚೆ ಬದಿಯಲ್ಲಿ ಆ ಬೆರಳುಗಳು ಅವನವೇ ಅಲ್ಲವೇನೋ ಎಂಬ ಹಾಗೆ ಬಿದ್ದುಕೊಂಡಿವೆ — ನೋಡಬಾರದು, ಅವಳು ಕಣ್ಣು ತೆಗೆದು ಗೋಡೆಯ ಗಡಿಯಾರದ ಮೇಲಿಟ್ಟಳು, ಹನ್ನೆರಡೂ ಕಾಲು, ಜನನ ನೋಂದಣಿ ಒಂದು ಗಂಟೆಯವರೆಗೆ ಮಾತ್ರ ಎಂದು ಕಿಟಕಿಯ ನೆತ್ತಿಯ ಮೇಲೇ ಬರೆದಿದೆ, ಮುಂದೆ ಏಳು ಜನ, ಇವತ್ತು ತಪ್ಪಿದರೆ ಗಡುವು ಮುಗಿಯಿತು, ನಾಳೆಯಿಂದ ಸಾಕ್ಷಿ, ನೋಟರಿ, ಮೇಲಿನ ಕಚೇರಿ, ಅಳಿಯನಿಗೆ ರಜೆಯಿಲ್ಲ, ಮಗಳು ಮಗುವನ್ನು ಬಿಟ್ಟು ಏಳುವ ಹಾಗಿಲ್ಲ, ನಾನು ಹೋಗ್ತೀನಿ ಬಿಡು, ಕೂತು ಕೂತು ನನಗೂ ಸಾಕಾಗಿದೆ ಎಂದು ತಾನೇ ಬಾಯಿಬಿಟ್ಟು ಹೇಳಿದ್ದು, ಯಾಕೆ ಹೇಳಿದೆನೋ. ಅರ್ಜಿ ಪ್ಲಾಸ್ಟಿಕ್ ಕವರಿನಲ್ಲಿದೆ, ಕವರು ಎದೆಗಾನಿಸಿದೆ, ಹುಟ್ಟಿದ ದಿನ, ಗಳಿಗೆ, ತೂಕ, ಅಪ್ಪ, ಅಮ್ಮ, ಎಲ್ಲ ಖಾನೆಯೂ ಮಗಳ ಅವಸರದ ಅಕ್ಷರದಲ್ಲಿ ತುಂಬಿದೆ, ಒಂದೇ ಒಂದು ಖಾಲಿ, ಅಮ್ಮಾ, ನನ್ನದು ಕಾಗೆ ಕಾಲು ಗುಬ್ಬಿ ಕಾಲು, ಹೆಸರು ಮಾತ್ರ ನೀನೇ ಬರಿ, ಮೊಮ್ಮಗಳಿಗೆ ಅಜ್ಜಿ ಕೈಯಿಂದ್ಲೇ ಬೀಳ್ಲಿ ಎಂದಳು ಮಗಳು, ಇಲೋಮಿ, ಮರೀಬೇಡ ಮತ್ತೆ, ಎಂದು ನಕ್ಕಳು, ಮರೆಯುವುದಂತೆ. ಮೂರು ವಾರದ ಹಿಂದೆ ಫೋನನ್ನು ಮುಖಕ್ಕೆ ಹಿಡಿದು ತೋರಿಸಿದ್ದಳಲ್ಲ, ನೋಡಮ್ಮ ಎಂಥ ಹೆಸರು ಸಿಕ್ಕಿದೆ, ಇಲೋಮಿ, ಮುಂಜಾವಿನ ಮೊದಲ ಬೆಳಕು ಅಂತ ಅರ್ಥ, ನಮ್ಮ ಬೀದೀಲಿ ಯಾರಿಗೂ ಇಲ್ಲ, ಆಗ ಕೇಳಿದವಳ ಕೈಯ ಚಮಚ ಜಾರಿ ಬೀಳಲಿಲ್ಲ, ಬಿದ್ದಿದ್ದರೆ ಚೆನ್ನಾಗಿತ್ತು, ಯಾರಾದರೂ ಏನಾಯ್ತು ಎಂದು ಕೇಳುತ್ತಿದ್ದರು, ಅವಳು ಮಗುವಿನ ಹಾಲು ಕದಡುತ್ತಲೇ ಇದ್ದಳು, ಐಸ್‌ಕ್ರೀಮ್ ಹೆಸರಿದ್ದ ಹಾಗಿದೆಯಪ್ಪ ಎಂದ ಅಳಿಯ, ಐಸ್‌ಕ್ರೀಮ್, ಅವನಿಗೇನು ಗೊತ್ತು, ಅಮ್ಮಾ ನೀನು ಮಾಡಿದ್ಯಲ್ಲ ಹೆಸರಿನ ಪುಸ್ತಕ, ಅದರಲ್ಲಿ ಇತ್ತಾ ಇದು, ನೆನಪಿಲ್ಲ ಕಣೇ, ಅರ್ಥ ಸರಿ ತಾನೇ, ಹೂಂ. ಹೂಂ ಎನ್ನುವುದು ಎಷ್ಟು ಸಲೀಸು, ಬಾಯಿ ಕೂಡ ತೆರೆಯಬೇಕಾಗಿಲ್ಲ.

ಸ್ವಲ್ಪ ಮುಂದೆ ಹೋಗಿ ಮೇಡಂ, ಜಾಗ ಆಯ್ತು ಎಂದಳು ಹಿಂದಿನ ಹೆಂಗಸು, ಎರಡು ಅರ್ಜಿ ಹಿಡಿದಿದ್ದಾಳೆ, ಅವಳಿ ಮಕ್ಕಳಂತೆ, ಬರುವಾಗಲೇ ಹೇಳಿದಳು, ಕವರು ಅವುಚಿಕೊಂಡು ಅವಳು ಒಂದು ಹೆಜ್ಜೆ ಮುಂದೆ ಇಟ್ಟಳು, ಆರು ಜನ, ನೆನಪಿಲ್ಲ ಎಂದದ್ದು ಹಸಿ ಸುಳ್ಳು, ಎಪ್ಪತ್ತೊಂದನೆಯ ಪುಟ, ಎರಡನೆಯ ಕಾಲಂ, ಮೇಲಿನಿಂದ ಹದಿನಾಲ್ಕನೆಯ ಸಾಲು. ಅವಳಿಗೆ ಆಗ ಇಪ್ಪತ್ತಾರು, ಅಚ್ಚುಕೂಟದ ಅಟ್ಟದ ಮೇಲೆ ಕರಡು ತಿದ್ದುವ ಕೆಲಸ, ಮಸಿ ವಾಸನೆ, ಕೆಳಗೆ ಯಂತ್ರ ಓಡಿದರೆ ಮೇಜಿನ ಮೇಲಿನ ಲೋಟವೂ ನಡುಗುತ್ತಿತ್ತು, ಹೆಸರಿನ ಪುಸ್ತಕದ ಹಿಂದಿನ ಮುದ್ರಣವನ್ನು ಪಕ್ಕದ ಬೀದಿಯವನು ಅನಾಮತ್ತಾಗಿ ಎತ್ತಿ ಹಾಕಿಕೊಂಡಿದ್ದ, ಕೇಳಲು ಹೋದರೆ ಹೆಸರುಗಳೇನು ನಿಮ್ಮಪ್ಪನ ಆಸ್ತೀನಾ ಎಂದನಂತೆ, ಮಾಲೀಕರು ಕನ್ನಡಕವನ್ನು ಹಣೆಗೇರಿಸಿಕೊಂಡು ಮೆಟ್ಟಿಲು ಹತ್ತಿ ಬಂದರು, ನೋಡಮ್ಮ, ಈ ಸಲ ಒಂದು ಬೋನು ಇಡೋಣ, ಒಂದು ಹುಸಿ ಹೆಸರು ಸೇರಿಸಿಬಿಡು, ಎಲ್ಲೂ ಇರಬಾರದು, ಯಾರಿಗೂ ಇರಬಾರದು, ಕೇಳೋಕೆ ಮಾತ್ರ ನಿಜ ಅನ್ನಿಸಬೇಕು, ಕದಿಯೋನು ಅದನ್ನೂ ಸೇರಿಸಿ ಕದೀತಾನೆ, ಆಗ ಜುಟ್ಟು ಹಿಡೀತೀನಿ. ಸುಲಭದ ಕೆಲಸವಾಗಿತ್ತು, ನಾಲ್ಕು ಅಕ್ಷರ ಕಲಸಿ ಹಾಕಿದರಾಯಿತು, ಆದರೆ ಏನು ಕಲಸಿದರೂ ಯಾರದೋ ಹೆಸರಾಗುತ್ತಿತ್ತು, ಒಂದು ಸಹಪಾಠಿಯದು, ಒಂದು ಸೋಪಿನದು, ಎಲ್ಲೂ ಇರಬಾರದು, ಯಾರಿಗೂ ಇರಬಾರದು, ಅಂಥದ್ದು ಅವಳ ಹತ್ತಿರ ಒಂದೇ ಇತ್ತು, ಹದಿನೇಳು ವರ್ಷದಿಂದ ಇತ್ತು, ಪೆನ್ನು ಅದನ್ನು ಬರೆದುಬಿಟ್ಟಿತು, ಬರೆದ ಮೇಲೆ ಅರ್ಥದ ಖಾನೆ, ಅಲ್ಲಿ ಪೆನ್ನು ನಿಂತಿತು, ನಿಜವಾದ ಅರ್ಥ ಅವಳಿಗೆ ಗೊತ್ತಿತ್ತು, ಗೊತ್ತಿದ್ದವಳು ಅವಳೊಬ್ಬಳೇ, ಬರೆಯುವಂಥದ್ದಲ್ಲ, ತಲೆಯೆತ್ತಿದರೆ ಕಿಟಕಿಯಲ್ಲಿ ಬಿಸಿಲು, ಮುಂಜಾವಿನ ಮೊದಲ ಬೆಳಕು ಎಂದು ಬರೆದಳು, ಆಗ ಸಂಜೆ ನಾಲ್ಕು ಗಂಟೆ. ಮಾಲೀಕರು ಓದಿ ತೊಡೆ ತಟ್ಟಿದರು, ಭೇಷ್, ಗೊತ್ತಿದ್ದರೆ ನನ್ನ ಮಗಳಿಗೇ ಇಡ್ತಿದ್ದೆನಲ್ಲಮ್ಮ. ವರ್ಷದೊಳಗೆ ಮೂವರು ಕಳ್ಳರು ಬೋನಿಗೆ ಬಿದ್ದರು, ಒಂದೊಂದು ಪುಸ್ತಕ ಬಂದಾಗಲೂ ಮಾಲೀಕರು ಬೆರಳಿಟ್ಟು ತೋರಿಸಿ ನಗುತ್ತಿದ್ದರು, ಆಮೇಲೆ ಅವರೂ ಹೋದರು, ಅಚ್ಚುಕೂಟವೂ ಹೋಯಿತು, ಅಲ್ಲಿಗೆ ಅದು ಮುಗಿಯಿತೆಂದೇ ಅವಳು ಅಂದುಕೊಂಡಿದ್ದಳು, ಬೋನನ್ನು ಎತ್ತಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮೊದಲ ಇಲೋಮಿ ಸಿಕ್ಕಿದ್ದು ಚಪ್ಪಲಿ ಅಂಗಡಿಯಲ್ಲಿ, ಬೆಂಚಿನ ಮೇಲೆ ಕೂತು ಎಡಗಾಲಿಗೆ ಹಾಕಿ ನೋಡುತ್ತಿದ್ದಾಳೆ, ಕಪಾಟುಗಳ ಆಚೆಯಿಂದ ಒಬ್ಬ ತಾಯಿ ಕೂಗುತ್ತಾಳೆ, ಇಲೋಮೀ, ಅದನ್ನ ಮುಟ್ಟಬೇಡ, ಅವಳಿಗೆ ಕಾಲು ಎಲ್ಲಿದೆ ಎಂದೇ ತಿಳಿಯಲಿಲ್ಲ, ಎರಡು ವರ್ಷದ ಗುಂಡುಗುಂಡಾದ ಹುಡುಗಿ, ಬಾಯಲ್ಲಿ ಚಪ್ಪಲಿಯ ಪಟ್ಟಿ, ಕರೆದ ಕೂಡಲೇ ತಿರುಗಿ ನೋಡಿತು, ಅದೇ ಅವಳನ್ನು ಕಂಗೆಡಿಸಿದ್ದು, ತಿರುಗಿ ನೋಡಿದ್ದು. ಆಮೇಲೆ ಬೇಕರಿಯ ಗಾಜಿನೊಳಗೆ ಕೇಕಿನ ಮೇಲೆ ಗುಲಾಬಿ ಬಣ್ಣದಲ್ಲಿ, ಆಮೇಲೆ ದಂತವೈದ್ಯರ ಚೀಟಿಯಲ್ಲಿ, ಆಮೇಲೆ ಇಂಟರ್‌ನೆಟ್ಟಿನಲ್ಲಿ, ಅಲ್ಲಿಯಂತೂ ಕೇಳುವ ಹಾಗೇ ಇಲ್ಲ, ಇಲೋಮಿ, ಅಪರೂಪದ ಹೆಣ್ಣು ಹೆಸರು, ಮೂಲ ಒಂದು ದ್ವೀಪದ ಪ್ರಾಚೀನ ಭಾಷೆ, ಅಲ್ಲಿಯ ಬೆಸ್ತರು ದೋಣಿ ಇಳಿಸುವ ಹೊತ್ತಿನ ಬೆಳಕಿಗೆ ಹೀಗೆನ್ನುತ್ತಿದ್ದರು, ಈ ಹೆಸರಿನವರು ಶಾಂತ ಸ್ವಭಾವದವರು, ಸಂಗೀತಪ್ರಿಯರು, ಅದೃಷ್ಟ ಸಂಖ್ಯೆ ಏಳು, ಜನಪ್ರಿಯತೆ ಹೋದ ವರ್ಷಕ್ಕಿಂತ ದುಪ್ಪಟ್ಟು, ಐದಕ್ಕೆ ನಾಲ್ಕೂವರೆ ನಕ್ಷತ್ರ, ಮೇಲಕ್ಕೇರುವ ಒಂದು ಹಸಿರು ಗೆರೆ, ಆ ಗೆರೆಯನ್ನು ಅವಳು ಬೆರಳಿನಿಂದ ಸವರಿ ನೋಡಿದ್ದಳು, ಪ್ರತಿಯೊಬ್ಬ ಕಳ್ಳನೂ ತನ್ನದೊಂದು ಚೂರು ಸೇರಿಸಿದ್ದಾನೆ, ಬೆಸ್ತರು, ದೋಣಿ, ಸಂಗೀತ, ಅಷ್ಟು ಬೆಳಕು ಸುರಿದಿದ್ದಾರೆ ಅದರ ಮೇಲೆ. ನಿಮ್ಮದು ಹೆಣ್ಣಾ ಗಂಡಾ, ಹಿಂದಿನ ಹೆಂಗಸು ಕೇಳುತ್ತಿದ್ದಾಳೆ, ಹೆಣ್ಣು, ಮೊಮ್ಮಗಳು, ಹೆಸರೇನು ಇಡ್ತೀರಿ, ಇನ್ನೂ ಬರೆದಿಲ್ಲ, ಅಯ್ಯೋ ಕಿಟಕಿ ಹತ್ರ ಬಂದ್ಮೇಲೂ ಬರೆದಿಲ್ವಾ, ನಮ್ಮತ್ತೆ ಹೀಗೇ ಮಾಡಿ ನನ್ನ ದೊಡ್ಡ ಮಗನಿಗೆ ಅವರ ತಾತನ ಹೆಸರು ಬರೆಸ್ಕೊಂಡು ಬಂದಿದ್ರು, ಹೆರೋದು ನಾವು, ಹೆಸರಿಡೋರು ಅವರು, ನೀವು ಹಾಗೆ ಮಾಡ್ಬೇಡಿ ಮತ್ತೆ. ಮಾಡಬಹುದಲ್ಲ, ನಿಜ, ಬೇರೆ ಏನಾದರೂ ಬರೆದುಬಿಡಬಹುದು, ಲತೆ, ಬಳ್ಳಿ, ಹೂವು ಎಂಬರ್ಥದ ಸಾಧು ಹೆಸರು, ಗುಮಾಸ್ತ ತಪ್ಪು ಹೊಡೆದ ಎಂದರಾಯಿತು, ಮಗಳು ಒಂದು ವಾರ ಮುಖ ಊದಿಸಿಕೊಂಡಾಳು, ಅಷ್ಟೇ, ಇಲ್ಲವಾದರೆ ನಾಳೆಯಿಂದ ದಿನಕ್ಕೆ ನೂರು ಸಲ, ಇಲೋಮಿ ಏಳು, ಇಲೋಮಿ ಹಾಲು ಕುಡಿ, ಸ್ನಾನದ ಮನೆಯಿಂದ, ಮೆಟ್ಟಿಲಿನಿಂದ, ಮುಚ್ಚಿದ ಬಾಗಿಲಿನ ಆಚೆಯಿಂದ —

ತಂಗಿಗೆ ಮಾತು ಬರಲಿಲ್ಲ. ಆರು ವರ್ಷವಾದರೂ ನಾಲಗೆ ಹೊರಳಲಿಲ್ಲ, ಕುತ್ತಿಗೆ ಒಂದು ಕಡೆಗೆ ವಾಲಿ ಎಂಜಲು ಸೋರುತ್ತಿತ್ತು, ಹಸಿವಿಗೊಂದು ಸದ್ದು, ಸಿಟ್ಟಿಗೊಂದು ಸದ್ದು, ಅಕ್ಕನಿಗೆ ಮಾತ್ರ ಒಂದು ಇಡೀ ಪದ, ಇಲೋ ಎಂದು ಎಳೆಯುವುದು, ಉಸಿರು ಇರುವಷ್ಟೂ ಎಳೆಯುವುದು, ಆಮೇಲೆ ಕಷ್ಟಪಟ್ಟು ತುಟಿ ಕೂಡಿಸಿ ಮಿ, ಎಲ್ಲಿಂದ ಹುಟ್ಟಿಸಿಕೊಂಡಿತೋ, ಅಮ್ಮನಿಗೆ ಅಪ್ಪನಿಗೆ ಇಂಥದ್ದೊಂದು ಮಾಡಿಕೊಳ್ಳಲೇ ಇಲ್ಲ, ಅಕ್ಕನಿಗೆ ಮಾಡಿಕೊಂಡಿತು. ಮನೆಗೆ ಯಾರಾದರೂ ಬಂದರೆ ತಂಗಿಯನ್ನು ಹಾಸಿಗೆ ಸುತ್ತಿಡುವ ಹಿಂದಿನ ಕೋಣೆಗೆ ಬಿಡುವುದು, ಹೊರಗಿನಿಂದ ಚಿಲಕ, ನಿನ್ನ ಕೈಗೇ ಎಟುಕುತ್ತಲ್ಲ ಪುಟ್ಟೀ, ನೀನೇ ಹಾಕಿ ಬಾ ಎನ್ನುತ್ತಿದ್ದಳು ಅಮ್ಮ, ಅಮ್ಮನ ಕೈಗೂ ಎಟುಕುತ್ತಿತ್ತು, ಒಂಬತ್ತು ವರ್ಷಕ್ಕೇ ಅವಳಿಗೆ ಅದು ಗೊತ್ತಿತ್ತು, ಚಿಲಕ ಬಿದ್ದ ಕೂಡಲೇ ಒಳಗಿನಿಂದ ಇಲೋಮಿ, ಇಲೋಮಿ, ಅದರ ಅರ್ಥ ಅಷ್ಟೇ, ಅಕ್ಕಾ ಬಾಗಿಲು ತೆಗಿ. ಆ ದಿನ ಬಂದವರು ಅಪ್ಪನ ಮೇಲಧಿಕಾರಿ ಮತ್ತು ಹೆಂಡತಿ, ಬಡ್ತಿಯ ಮಾತು, ಅಮ್ಮ ಬಿಸ್ಕತ್ತನ್ನು ತಟ್ಟೆಯಲ್ಲಿ ಸುತ್ತ ಜೋಡಿಸಿದ್ದಳು, ಏನದು ಸದ್ದು ಎಂದು ಅಧಿಕಾರಿ ಕಪ್ಪು ಕೆಳಗಿಟ್ಟು ಕೇಳಿದರು, ಬೆಕ್ಕು ಸಾರ್, ಹಿತ್ತಲಿನ ಬೆಕ್ಕು ಎಂದ ಅಪ್ಪ, ಒಳ್ಳೇ ರಾಗವಾಗಿ ಕೂಗುತ್ತಲ್ರೀ ಎಂದರು, ಎಲ್ಲರೂ ನಕ್ಕರು, ಅವಳೂ ನಕ್ಕಳು. ಬನ್ನಿ, ಎಲ್ಲರೂ ನಮ್ಮ ಕಾರಲ್ಲೇ ಕೆರೆ ತನಕ ಹೋಗಿ ಬರೋಣ, ಮಗೂಗೆ ಐಸ್‌ಕ್ರೀಮ್ ಕೊಡಿಸ್ತೀನಿ ಎಂದರು ಅವರ ಹೆಂಡತಿ, ಅಪ್ಪ ಇಲ್ಲವೆನ್ನುವ ಹಾಗಿಲ್ಲ, ಮನೆಯಲ್ಲಿ ಅಜ್ಜಿ ಇದ್ದಳು, ಕಿವಿ ಕೇಳದ ಅಜ್ಜಿ, ಕೋಣೆ ತೆರೆದಿದ್ದರೆ ತಂಗಿ ತೆವಳಿಕೊಂಡು ಅವಳ ಮಡಿಲಿಗೆ ಹೋಗುತ್ತಿತ್ತು, ಯಾವಾಗಲೂ ಹಾಗೇ ಮಾಡುತ್ತಿತ್ತು, ಕಾರಿನ ಬಾಗಿಲ ಹತ್ತಿರ ಅಮ್ಮ ಬಗ್ಗಿ ಕಿವಿಯಲ್ಲಿ ಕೇಳಿದಳು, ಚಿಲಕ ತೆಗೆದು ಬಂದ್ಯಾ, ಒಳಗೆ ಹೋಗಿ ಬಂದರೆ ಕಿಟಕಿ ಪಕ್ಕದ ಜಾಗ ಹೋಗಿಬಿಡುತ್ತದೆ, ಸೀಟಿನ ರೆಕ್ಸಿನ್ ವಾಸನೆ ಆಗಲೇ ಮೂಗಿನೊಳಗಿದೆ, ಹೂಂ ಎಂದಳು. ಹೂಂ. ಕೆರೆ, ಐಸ್‌ಕ್ರೀಮ್, ಕಿತ್ತಳೆ ಬಣ್ಣದ್ದು, ಮೊಣಕೈಯವರೆಗೂ ಕರಗಿತು, ಮೂರು ಗಂಟೆ, ಮರಳಿ ಬಂದಾಗ ಅಜ್ಜಿ ಕೂತಲ್ಲೇ ತೂಕಡಿಸುತ್ತಿದ್ದಳು, ಎಲ್ಲರಿಗಿಂತ ಮೊದಲು ಅವಳು ಓಡಿದಳು, ಯಾರೂ ನೋಡುವ ಮೊದಲೇ ತೆಗೆದುಬಿಡಬೇಕು, ಬಾಗಿಲಿನ ಕೆಳಗೆ ಎರಡು ಬೆರಳಗಲ ಸಂದು, ಅಲ್ಲಿ ನೆಲದ ಮೇಲೆ ನಾಲ್ಕು ಬೆರಳು, ಅಂಗಾತ, ಉಗುರಿನ ಅಂಚೆಲ್ಲ ಸುಣ್ಣ, ಅಲ್ಲಾಡುತ್ತಿಲ್ಲ, ಸದ್ದೂ ಇಲ್ಲ, ಅವಳು ಕೂತು ಮುಟ್ಟಿದಳು, ಬೆಚ್ಚಗಿದ್ದವು, ಬದುಕಿದ್ದವು, ಆದರೆ ಮುಟ್ಟಿದರೂ ಹಿಂದಕ್ಕೆ ಸರಿಯಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಚಿಲಕ ತೆಗೆದಳು, ತಂಗಿ ಅವಳ ಮುಖ ನೋಡಲಿಲ್ಲ. ಆಮೇಲೆ ಎರಡು ವರ್ಷ ಬದುಕಿತ್ತು ತಂಗಿ, ಜ್ವರ ಬಂದು ಸಾಯುವವರೆಗೂ ಹಸಿವಿನ ಸದ್ದು ಮಾಡುತ್ತಿತ್ತು, ಸಿಟ್ಟಿನ ಸದ್ದು ಮಾಡುತ್ತಿತ್ತು, ಆ ಪದವನ್ನು ಮತ್ತೆ ಹೇಳಲಿಲ್ಲ, ಅವಳು ಎಷ್ಟು ಗೋಗರೆದಳು, ಬಿಸ್ಕತ್ತು ಹಿಡಿದು, ಕನ್ನಡಿ ಹಿಡಿದು, ಇಲೋಮಿ ಅನ್ನೇ, ಒಂದ್ಸಲ ಅನ್ನೇ, ಇಲ್ಲ. ಚಿಲಕ ತೆಗೆಯದೆ ಹೋದದ್ದನ್ನು ಅಮ್ಮನಿಗೆ ಹೇಳಲಿಲ್ಲ, ಅಪ್ಪನಿಗೆ ಹೇಳಲಿಲ್ಲ, ಗಂಡನಿಗೆ ಹೇಳಲಿಲ್ಲ, ಅವರೆಲ್ಲ ಕೇಳುವ ಕಾಲ ಮುಗಿದೇ ಹೋಯಿತು, ಮಗಳಿಗೆ ಗೊತ್ತಿರುವುದು ಇಷ್ಟೇ, ಅಮ್ಮನಿಗೊಬ್ಬಳು ತಂಗಿ ಇದ್ದಳು, ಚಿಕ್ಕಂದಿನಲ್ಲೇ ತೀರಿಕೊಂಡಳು.

ಮೇಡಂ, ಫೋನು, ನಿಮ್ಮದೇ ಇರ್ಬೇಕು, ಹೌದು, ಚೀಲದೊಳಗೆ ನಡುಗುತ್ತಿದೆ, ಮುಂದೆ ಒಬ್ಬನೇ, ಹನ್ನೆರಡೂ ಐವತ್ತು, ಅಮ್ಮಾ ಆಯ್ತಾ, ಇಲ್ಲ ಕಣೇ, ಇನ್ನೊಬ್ಬರಿದ್ದಾರೆ, ಹೆಸರು ಬರೆದ್ಯಾ, ಹಿಂದೆ ಮಗು ಅಳುತ್ತಿದೆ, ಕೆಂಪಗಿನ ಹಸಿ ಅಳು, ಈಗ ಹೇಳಬೇಕು, ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ, ಕೇಳು, ಆ ಹೆಸರು ನನ್ನ ಪುಸ್ತಕದಲ್ಲೇ ಇತ್ತು, ನಾನೇ ಸೇರಿಸಿದ್ದು, ದ್ವೀಪ ಗೀಪ ಎಲ್ಲ ಸುಳ್ಳು, ಅದು — ನನ್ನ ತಂಗಿ ನನ್ನನ್ನ ಕರೀತಿದ್ದದ್ದು, ಅವಳಿಗೆ ಮಾತು ಬರ್ತಿರಲಿಲ್ಲ, ನನ್ನನ್ನ ಹಾಗೆ ಕರೀತಿದ್ದಳು. ಆಚೆ ಮಗುವಿನ ಅಳುವಿನ ಮೇಲೆ ಮಗಳ ದನಿ, ಅಯ್ಯೋ ಅಮ್ಮಾ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು, ಎಷ್ಟು ಚೆನ್ನಾಗಿದೆ, ಚಿಕ್ಕಮ್ಮ ಅಕ್ಕನಿಗಿಟ್ಟ ಹೆಸರು, ರೀ, ಕೇಳಿದ್ರಾ, ನನಗೆ ಅಳು ಬರ್ತಿದೆ ನೋಡು, ಇನ್ನೇನು ಯೋಚನೆ, ಬರೆದುಬಿಡು. ಅಷ್ಟೇ ಅಲ್ಲ ಕಣೇ, ಇನ್ನೂ ಇದೆ ಎನ್ನಬೇಕು, ನಾಲಗೆಯ ಮೇಲೆ ಬಂದಿದೆ ಚಿಲಕ, ಮುಂದಿನವರು, ಬೇಗ ಎನ್ನುತ್ತಿದ್ದಾನೆ ಗುಮಾಸ್ತ, ಅಮ್ಮಾ, ಅವಳಿಗೆ ನೀನಂದ್ರೆ ತುಂಬ ಪ್ರೀತಿ ಇತ್ತು ಅಲ್ವಾ ಎಂದು ಕೇಳುತ್ತಿದ್ದಾಳೆ ಮಗಳು, ಹೂಂ. ಫೋನು ಚೀಲಕ್ಕೆ ಹೋಯಿತು, ದ್ವೀಪದ ಬೆಸ್ತರು ಹೋದರು, ಅವರ ಜಾಗದಲ್ಲಿ ಈಗ ಅಕ್ಕ ತಂಗಿ ಕೂತರು, ಮುದ್ದಾಗಿ, ಸಂಜೆಯೊಳಗೆ ಅಳಿಯನ ಮನೆಯವರಿಗೆಲ್ಲ ಈ ಅರ್ಥವೇ ಹೋಗುತ್ತದೆ, ಇನ್ನೊಂದು ಬೆಳಕು, ಪೆನ್ನು ಓಡುತ್ತಿದೆ, ಮುತ್ತಿನ ಅಕ್ಷರ, ಕಾಗದ ತಳ್ಳಿದಳು, ಬೆರಳುಗಳೂ ಜೊತೆಗೆ ಹೋದವು. ಜೋರಾಗಿ ಹೇಳಿ ಮೇಡಂ, ಟೈಪ್ ಮಾಡ್ಬೇಕು, ಅರವತ್ತು ಮುಟ್ಟುವ ವಯಸ್ಸಿನಲ್ಲಿ ಅವಳು ಅದನ್ನು ಕೂಗಿ ಹೇಳುವುದು ಇದೇ ಮೊದಲು, ಇಲೋ, ಉಸಿರು ಇರುವಷ್ಟೂ ಎಳೆಯಿತು, ತಾನಾಗಿ ಎಳೆಯಿತು, ತುಟಿ ಕೂಡಲು ಕಷ್ಟವಾಯಿತು, ಮಿ, ಸಾಲಿನಲ್ಲಿದ್ದವರು ತಿರುಗಿ ನೋಡುತ್ತಿದ್ದಾರೆ, ಗುಮಾಸ್ತ ಕುಟ್ಟುತ್ತಿದ್ದಾನೆ, ಈ ತಿಂಗಳಲ್ಲಿ ಇದು ಎರಡನೇದು ಮೇಡಂ, ಏನರ್ಥ ಇದಕ್ಕೆ, ನಮ್ಮನೇಲೂ ಹುಡುಕ್ತಿದ್ದಾರೆ. ಅಕ್ಕಾ ಬಾಗಿಲು ತೆಗಿ, ಎಂದಳು ಅವಳು. ಅವನು ನಕ್ಕ, ಅಷ್ಟುದ್ದ ಅರ್ಥಾನಾ, ಇರ್ಲಿ ಬಿಡಿ, ಕೇಳೋಕೆ ಚೆನ್ನಾಗಿದೆ, ಎಂದು ಮೊಹರು ಒತ್ತಿದ, ಒಂದು ಗಂಟೆಯಾಯಿತು, ಹಿಂದೆ ಅವಳಿ ಮಕ್ಕಳ ತಾಯಿ ಸಾರ್ ಸಾರ್ ಎನ್ನುತ್ತಿದ್ದಾಳೆ, ಅವನು ಎದ್ದು ಮರದ ಬೋರ್ಡಿಗೆ ಕೈ ಹಾಕಿದ್ದಾನೆ, ಕೈ ತೆಗೀರಿ ಮೇಡಂ, ಮುಚ್ಬೇಕು, ಯಾರ ಕೈ, ಕೈ ತೆಗೀರಿ, ನೋಡಿದಳು, ಗಾಜಿನ ಕೆಳಗಿನ ಸಂದಿನಲ್ಲಿ, ಆಚೆ ಬದಿ, ಕಲ್ಲಿನ ಮೇಲೆ, ಅಂಗಾತ, ನಾಲ್ಕು ಬೆರಳು, ಅಲ್ಲಾಡುತ್ತಿಲ್ಲ, ನಾಲ್ಕು ಬೆರಳು